ಅಂಗೈಯಗಲದ ಕಿಂಡಿ

ಬಲಗೆನ್ನೆಗೆ ಮಾತ್ರ ಚಳಿ, ಎಡಗೆನ್ನೆ ಬೆಚ್ಚಗೇ ಇದೆ, ಇದೇನಿದು, ಚರ್ಚಿನ ಈ ಬೆಂಚಿನಲ್ಲಿ ಕೂರಲು ಶುರುಮಾಡಿದಾಗಿನಿಂದ ಬಲಕ್ಕೆ ಗೋಡೆ, ಗೋಡೆಗೆ ಅದರದ್ದೇ ಒಂದು ಮೌನವಿರುತ್ತದೆ, ಕಿವಿಯನ್ನು ಮೆತ್ತಗೆ ಒತ್ತುವಂಥದ್ದು — ಈವತ್ತು ಅದಿಲ್ಲ, ಅಲ್ಲೇನೋ ತೆಳ್ಳಗಿದೆ, ಹಾಂ, ಗಾಜು, ಗಾಜೇ ಸರಿ, ದಪ್ಪ ಬಟ್ಟೆ ಇಳಿಬಿಟ್ಟಿದ್ದರೇನಂತೆ, ಹ್ಯಾಲಿಫ್ಯಾಕ್ಸಿನ ಬಂದರಿನ ಚಳಿ ಬಟ್ಟೆಯ ಮಾತು ಕೇಳುತ್ತದೆಯೇ, ನುಸುಳಿ ಬಂದು ಲೆಟ್ಟಿ ಮರ್ಚಿಸನ್‌ಳ ಕೆನ್ನೆ ಸವರಿ ನಾನು ಬಂದೆ ಕಣೇ ಎನ್ನುತ್ತಿದೆ, ಬಾ ಬಾ, ನಿನಗೇ ಕಾಯುತ್ತಿದ್ದೆ ಎಂದುಕೊಂಡಳು ಲೆಟ್ಟಿ, ನಗು ಬಂತು, ನುಂಗಿಕೊಂಡಳು, ಸ್ಮರಣೆಯ ದಿನ ನಕ್ಕರೆ ಹಿಂದಿನ ಬೆಂಚಿನ ಮಿಸೆಸ್ ಕ್ರೋವೆಲ್ ಸುಮ್ಮನೆ ಬಿಡುವವಳಲ್ಲ, ಆಗಲೇ ಪೆಪ್ಪರ್‌ಮಿಂಟು ಚೀಪಲು ಶುರು ಹಚ್ಚಿದ್ದಾಳೆ, ಪ್ರಸಂಗ ಮುಗಿಯುವ ಮೊದಲೇ ಅದು ಕರಗಿಹೋಗಿ ಚೀಲ ತಡಕಾಡುತ್ತಾಳೆ, ಪ್ರತಿ ವರ್ಷದ ಪಾಡು. ಒದ್ದೆ ಉಣ್ಣೆಯ ವಾಸನೆ, ನುಸಿಗುಳಿಗೆಯ ವಾಸನೆ, ಅದು ಪಕ್ಕದಲ್ಲಿ ಕೂತ ಅಕ್ಕ ಥರ್ಜಾಳ ಕಪ್ಪು ಕೋಟಿನದು, ವರ್ಷಕ್ಕೊಮ್ಮೆ ಡಿಸೆಂಬರ್ ಆರಕ್ಕೆ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಕೋಟು — ಅಕ್ಕನ ತೋಳು ಲೆಟ್ಟಿಯ ತೋಳಿಗೆ ತಾಗಿಕೊಂಡೇ ಇದೆ, ಬಿಗಿಯಾಗಿ, ಪಾಪ, ಗೋಡೆಯಲ್ಲಿ ಕಿಟಕಿ ಕೊರೆದದ್ದು ಅವಳಿಗೂ ಗೊತ್ತು, ಒಳಗೆ ಬರುವಾಗ ಆ ಕಡೆ ತಿರುಗದೆ ತಂಗಿಯನ್ನು ಅಡ್ಡ ಹಿಡಿದುಕೊಂಡೇ ಬಂದು ಕೂತಳು, ಆದರೆ ಲೆಟ್ಟಿಯ ಮನಸ್ಸಿನಲ್ಲಿ ಏನಿದೆ ಎನ್ನುವುದು ಗೊತ್ತಿಲ್ಲ. ಗೊತ್ತಾಗಿದ್ದರೆ ಅವಳು ಈವತ್ತು ಮನೆಯಿಂದಲೇ ಹೊರಡುತ್ತಿರಲಿಲ್ಲ.

ಕಿಟಕಿ ಎಂದರೆ ಈ ಸಭೆಯವರಿಗೆ ಸೈತಾನನ ಹೆಸರು ಹೇಳಿದ ಹಾಗೆ, ಸಮುದ್ರದ ಕಡೆಯ ಕಿಟಕಿಯಂತೂ — ಸ್ಫೋಟದಲ್ಲಿ ಹಳೆಯ ಚರ್ಚು ನೆಲಸಮವಾದ ಮೇಲೆ ಉಳಿದವರು ಕೈಯಾರೆ ಕಲ್ಲು ಹೊತ್ತು ಇದನ್ನು ಕಟ್ಟಿದರಲ್ಲ, ಕಟ್ಟುವಾಗ ಕಿಟಕಿಗಳನ್ನೆಲ್ಲ ಸೂರಿಗೆ ಹತ್ತಿಸಿ ಇಟ್ಟರು, ಯಾರೂ ನಿಂತು ಹೊರಗೆ ಇಣುಕಬಾರದು, ಬೆಳಕು ಮೇಲಿಂದ ಇಳಿದು ಬರಲಿ ಸಾಕು. ಇಣುಕಿದ್ದಕ್ಕೇ ಅಲ್ಲವೇ ಆದದ್ದು. ಬೆಳಿಗ್ಗೆ ಬಂದರಿನಲ್ಲಿ ಎರಡು ಹಡಗು ಡಿಕ್ಕಿ ಹೊಡೆದುಕೊಂಡವು, ಒಂದಕ್ಕೆ ಬೆಂಕಿ ಬಿತ್ತು, ಅದರ ಹೊಟ್ಟೆ ತುಂಬ ಯುದ್ಧಕ್ಕೆಂದು ಹೊರಟ ಮದ್ದು, ಅದು ಗುಡ್ಡದ ಮೇಲಿನ ಯಾರಿಗೆ ಗೊತ್ತು, ಬೆಂಕಿ ನೋಡಲು ಊರಿಗೆ ಊರೇ ಕಿಟಕಿಗೆ ಬಂದು ನಿಂತಿತು, ಹೆಂಗಸರು ಸೌಟು ಹಿಡಿದುಕೊಂಡೇ, ಕೂಸುಗಳನ್ನು ಸೊಂಟಕ್ಕೆ ಏರಿಸಿಕೊಂಡೇ, ಮೂಗು ಗಾಜಿಗೆ ಒತ್ತಿ — ಆಮೇಲೆ ಗಾಜೆಲ್ಲ ಒಳಗೆ ಬಂತು. ಸತ್ತವರು ಸತ್ತರು, ಇದ್ದವರಲ್ಲಿ ಎಷ್ಟೋ ಜನಕ್ಕೆ ಕಣ್ಣಿಲ್ಲ, ಲೆಟ್ಟಿಗೂ. ಆಗಿನ ಪಾದ್ರಿ ಗುಡಾರದಲ್ಲಿ ನಿಂತು ಲೋಟನ ಹೆಂಡತಿಯ ಮೇಲೆ ಪ್ರಸಂಗ ಮಾಡಿದನಂತೆ, ಉರಿಯುವ ಊರನ್ನು ನೋಡಬೇಡ ಎಂದರೂ ತಿರುಗಿ ನೋಡಿ ಉಪ್ಪಿನ ಕಂಬವಾದವಳು, ಕೇಳಿದವರಿಗೆ ಅದು ಎದೆಗೆ ನಾಟಿತು, ಅಪ್ಪನಿಗೆ ಎಲ್ಲರಿಗಿಂತ ಹೆಚ್ಚಾಗಿ, ಸಭೆಯ ಹಿರಿಯನಾಗಿದ್ದನಲ್ಲ, ಅವನೇ ಈ ಪದ್ಧತಿ ತಂದ, ಸ್ಮರಣೆಯ ಪ್ರಾರ್ಥನೆಗೆ ಎಲ್ಲರೂ ಎದ್ದು ಬಂದರಿಗೆ ಬೆನ್ನು ಹಾಕಿ ನಿಲ್ಲುವುದು, ಉಳಿದುಬಂದವರಲ್ಲೊಬ್ಬರು ಪ್ರಾರ್ಥಿಸುವುದು, ಕಡೆಯಲ್ಲಿ ಪ್ರತಿ ಸಲವೂ ಅದೇ ಬಿನ್ನಹ, ನೋಡಿದ ನಮ್ಮನ್ನು ಕ್ಷಮಿಸು ಕರ್ತನೇ. ನಲವತ್ತು ವರ್ಷ. ನಲವತ್ತು ವರ್ಷ ದೇವರಿಗೂ ಇದನ್ನೇ ಕೇಳಿ ಕೇಳಿ ಕಿವಿ ತೂತು ಬಿದ್ದಿರಬೇಕು. ಹೊಸದಾಗಿ ಬಂದ ಕ್ರೀಸರ್ ಪಾದ್ರಿ ಲುನೆನ್‌ಬರ್ಗ್ ಕಡೆಯ ಹುಡುಗ, ಮೀನುಗಾರರ ಮನೆಯವನು, ಸಮುದ್ರ ಕಾಣದ ಚರ್ಚಿನಲ್ಲಿ ನನಗೆ ಉಸಿರು ಕಟ್ಟುತ್ತೆ ಎಂದ, ಗೋಡೆಯಲ್ಲೊಂದು ಕಿಟಕಿ ಇಡೋಣ, ತಲೆಮಟ್ಟಕ್ಕೆ, ಎಂದದ್ದೇ ತಡ, ಸಭೆಯಲ್ಲಿ ಗಲಾಟೆಯೋ ಗಲಾಟೆ, ಮುದುಕ ಪರ್ಡಿ ಕೋಲು ಕುಟ್ಟಿದ, ಆ ಕಡೆ ಗಾಜು ಯಾಕ್ರೀ, ನಮಗೆ ಆದದ್ದು ಸಾಲದಾ, ಆಗ ಕೈ ಎತ್ತಿದ್ದು ಲೆಟ್ಟಿ. ಹಾಕ್ಸಿ ಪಾದ್ರಿಗಳೇ, ಬೆಳಕು ಬಂದ್ರೆ ನನ್ನ ಕಣ್ಣಿಗೇನೂ ಚುಚ್ಚೋದಿಲ್ಲ. ಪರ್ಡಿಯೇ ಮೊದಲು ನಕ್ಕ, ನಗದೆ ಏನು ಮಾಡುತ್ತಾನೆ, ಅವನ ಮನೆಯ ಕುರ್ಚಿಗಳಿಗೆಲ್ಲ ಬೆತ್ತ ಹೆಣೆದು ಕೊಟ್ಟವಳು ಲೆಟ್ಟಿ, ಈ ಗುಡ್ಡದ ಮೇಲೆ ಅರ್ಧ ಜನ ಕೂರುವುದೇ ಅವಳ ಬೆರಳಿನ ದಯದಿಂದ. ಕಿಟಕಿ ಬಂತು.

ನಕ್ಕವರಲ್ಲಿ ಥರ್ಜಾ ಇರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಉಪ್ಪುಮೀನಿನ ವಡೆ ತಟ್ಟೆಗೆ ಹಾಕಿದಳು, ಮುಳ್ಳು ತೆಗೆದಿದ್ದೀನಿ ತಿನ್ನು ಎಂದಳು ಅಷ್ಟೇ, ಅವಳು ಯಾವತ್ತೂ ಮುಳ್ಳು ತೆಗೆದೇ ಕೊಡುತ್ತಾಳೆ, ಮೆಟ್ಟಿಲಿದೆ ಎಡಕ್ಕೆ, ಬಾಗಿಲು ತಗ್ಗು ತಲೆ ಬಾಗಿಸು, ಕಾಕಂಬಿ ಡಬ್ಬಿ ಇಲ್ಲಿ, ಅಂಗಡಿಯ ಹುಡುಗಿ ಕೆಂಪು ಟೋಪಿ ಹಾಕಿದ್ದಾಳೆ ಮೂಗು ಅದಕ್ಕಿಂತ ಕೆಂಪು, ಹಿಮ ಬಿದ್ದಿದೆ, ಪರ್ಡಿ ಪ್ಯಾಂಟಿಗೆ ಗುಂಡಿ ಹಾಕೋದು ಮರೆತಿದ್ದಾನೆ ನಗಬೇಡ — ಹೀಗೆ ಇಡೀ ಲೋಕವನ್ನು ಹೇಳುತ್ತಾಳೆ, ತಂಗಿಗೆ ಕಣ್ಣಾಗಿ ಬಾಳನ್ನೇ ಸವೆಸಿದವಳು, ಮದುವೆ ಕೇಳಿ ಬಂದ ಆ ರೈಲ್ವೆಯವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದವಳು, ಲೋಕವನ್ನೆಲ್ಲ ಹೇಳಿದಳು, ಬಂದರೊಂದನ್ನು ಬಿಟ್ಟು. ಕೆಳಗಿನ ಬೀದಿಯಲ್ಲಿ ನಡೆಯುವಾಗ ಹಡಗಿನ ಸೀಟಿ ಕೇಳಿದರೆ ಅಕ್ಕನ ಹೆಜ್ಜೆ ಸರಸರ ಆಗುತ್ತದೆ, ಯಾವ ಹಡಗೇ ಎಂದು ಕೇಳಿದರೆ, ಗೊತ್ತಿಲ್ಲ, ನೋಡ್ಲಿಲ್ಲ. ಮನೆಯಲ್ಲಿ ಆ ಕಡೆಯ ಕಿಟಕಿಗೆ ಹಲಗೆ ಹೊಡೆಸಿದ್ದಾಳೆ, ಗಾಳಿ ಬರುತ್ತದೆ ಎಂದು ನೆಪ. ಮತ್ತೆ ಇಲ್ಲಿ, ಈ ಬೆಂಚಿನಲ್ಲಿ, ಪ್ರತಿ ಡಿಸೆಂಬರಿನಲ್ಲಿ, ನೋಡಿದ ನಮ್ಮನ್ನು ಕ್ಷಮಿಸು ಎಂದಾಗ ಇಡೀ ಸಭೆ ಆಮೆನ್ ಎನ್ನುತ್ತದೆ, ಲೆಟ್ಟಿಯ ಕಿವಿಗೆ ಒಂದೊಂದು ಆಮೆನ್ನೂ ಬೇರೆ ಬೇರೆ, ಪರ್ಡಿಯದು ಕೆಮ್ಮಿನ ಜೊತೆ, ಮಿಸೆಸ್ ಕ್ರೋವೆಲ್‌ದು ಪೆಪ್ಪರ್‌ಮಿಂಟಿನ ಸಂದಿಯಿಂದ — ಪಕ್ಕದಲ್ಲಿ ಮಾತ್ರ ಸದ್ದಿಲ್ಲ. ಒಂದು ಸಲವೂ ಇಲ್ಲ. ಯಾಕೆಂದು ಚಿಕ್ಕಂದಿನಲ್ಲೇ ಲೆಟ್ಟಿಗೆ ಗೊತ್ತಿತ್ತು, ಅಕ್ಕ ಬರೀ ನೋಡಿದವಳಲ್ಲ, ನೋಡಲು ಕರೆದವಳು, ಅದಕ್ಕೆ ಕ್ಷಮೆ ಕೇಳುವ ಸಾಲು ಆ ಪ್ರಾರ್ಥನೆಯಲ್ಲಿ ಇಲ್ಲವೇ ಇಲ್ಲ.

ಅಡುಗೆಮನೆ, ಹೌದು, ಆ ಬೆಳಿಗ್ಗೆ, ಒಲೆಯ ಮೇಲೆ ಓಟ್ಸ್ ಗಂಜಿ ಕುದಿಯುತ್ತಿದೆ, ಹಬೆ ಎದ್ದು ಕಿಟಕಿಯ ಗಾಜೆಲ್ಲ ಬೆಳ್ಳಗೆ, ಚಳಿಗಾಲದಲ್ಲಿ ಶಾಲೆ ತಡ, ಥರ್ಜಾ ಕುರ್ಚಿಯ ಮೇಲೆ ಮಂಡಿಯೂರಿ ಅಂಗೈಯಿಂದ ಹಬೆ ಒರೆಸುತ್ತಿದ್ದಾಳೆ, ಕೀಚ್ ಕೀಚ್, ಒರೆಸಿದಲ್ಲಿ ಅಂಗೈಯಗಲದ ಕಿಂಡಿ, ಅದರೊಳಗೆ ಕಣ್ಣಿಟ್ಟು ಅಯ್ಯೋ ಅಯ್ಯೋ ಎನ್ನುತ್ತಿದ್ದಾಳೆ ಖುಷಿಯಲ್ಲಿ, ಲೆಟ್ಟಿ ಕೆಳಗೆ ಅವಳ ಲಂಗ ಜಗ್ಗುತ್ತಿದ್ದಾಳೆ, ನಂಗೂ ನಂಗೂ, ತಾಳೇ, ಆಗ ಒಲೆಯ ಕಡೆಯಿಂದ ಅಮ್ಮ, ಥರ್ಜಾ, ಗಂಜಿ ತಳ ಹಿಡೀತಿದೆ, ಬಂದು ತಿರುವು — ಅಕ್ಕ ಕೆಳಗಿಳಿದಳು, ಕಂಕುಳಿಗೆ ಕೈ ಹಾಕಿ ಎತ್ತಿ ಕುರ್ಚಿಯ ಮೇಲೆ ನಿಲ್ಲಿಸಿದಳು, ಕಿಂಡಿ ಆಗಲೇ ಮತ್ತೆ ಮಸುಕಾಗುತ್ತಿತ್ತು, ಇನ್ನೊಂದು ಸಲ ಅಂಗೈಯಿಂದ ಒರೆಸಿಕೊಟ್ಟಳು, ಬಾ ಲೆಟ್ಟಿ, ನಿನ್ನ ಸರದಿ, ನೋಡು ಬಾ. ನೋಡಿದಳು. ಏನು ನೋಟ ಅದು! ನೀಲಿ ಆಕಾಶ, ಕೆಳಗೆ ತಣ್ಣನೆಯ ನೀರು, ನಡುವೆ ನೆಟ್ಟಗೆ ನಿಂತ ಹೊಗೆಯ ಕಂಬ, ಕರ್ರಗೆ, ಅದರೊಳಗೆ ಕಿತ್ತಳೆ ಬೆಂಕಿ ಸುರುಳಿ ಸುರುಳಿ, ಪೀಪಾಯಿಗಳು ಮೇಲಕ್ಕೆ ಚಿಮ್ಮಿ ಗಾಳಿಯಲ್ಲಿ ಸಿಡಿದು ನೇರಳೆ, ಹಳದಿ, ಹೆಸರಿಲ್ಲದ ಒಂದು ಹಸಿರು — ಆಮೇಲೆ ಬಿಳುಪು, ಸದ್ದಿಲ್ಲದ ಬಿಳುಪು, ಆಮೇಲೆ ಏನೂ ಇಲ್ಲ. ಅಮ್ಮ ಹೋದಳು, ಒಲೆಯ ಹಿಂದಿನ ಗೋಡೆ ಅವಳ ಮೇಲೆಯೇ ಬಿತ್ತು. ಒಲೆಯ ಈ ಬದಿಗೆ ಬಗ್ಗಿ ಗಂಜಿ ತಿರುವುತ್ತಿದ್ದ ಥರ್ಜಾಳಿಗೆ ಒಂದು ಗೀರೂ ಇಲ್ಲ. ಮಾರನೆಯ ದಿನ ಹಿಮಬಿರುಗಾಳಿ, ಬಾಸ್ಟನ್ನಿನಿಂದ ರೈಲು ಹತ್ತಿ ಬಂದ ದಾದಿ ಕೈಗೊಂದು ಕಿತ್ತಳೆ ಹಣ್ಣು ಕೊಟ್ಟಳು, ಮೂಸಿ ನೋಡು ಮರಿ ಎಂದಳು, ಕಣ್ಣಿಗೆ ಸುತ್ತಿದ ಬಟ್ಟೆಯೊಳಗೆ ಲೆಟ್ಟಿಗೆ ಆ ಬಣ್ಣ ಮತ್ತೆ ಕಂಡಿತು, ಅದೇ ಬೆಂಕಿಯ ಬಣ್ಣ. ಮಂಚದ ಕಾಲ ಬಳಿ ಅಪ್ಪನ ಧ್ವನಿ, ಯಾರು ಕರೆದದ್ದು ಇವಳನ್ನ ಕಿಟಕಿ ಹತ್ರ. ಒಂದೇ ಸಲ ಕೇಳಿದ್ದು, ಆಮೇಲೆ ಸಾಯುವವರೆಗೆ ಕೇಳಲಿಲ್ಲ, ಬೇಕಾಗಿರಲಿಲ್ಲ. ಲೆಟ್ಟಿ ಆಗಲೇ ಹೇಳಬಹುದಿತ್ತು, ನಾನೇ ಲಂಗ ಜಗ್ಗಿದ್ದು ಎಂದು, ಹೇಳಿಯೂ ಹೇಳಿದಳು ಆಮೇಲಾಮೇಲೆ, ಎಷ್ಟೋ ಸಲ, ಅಕ್ಕ ಪಾತ್ರೆಯ ಸದ್ದು ಜೋರು ಮಾಡಿ ಕೇಳಿಸದ ಹಾಗೆ ಮಾಡುತ್ತಾಳೆ.

ಮತ್ತೆ ಈ ವಸಂತದಲ್ಲಿ, ದವಡೆಯ ಹತ್ತಿರ ಒಂದು ಗುಳ್ಳೆ, ಕೆರೆದರೆ ಚುಚ್ಚುತ್ತದೆ, ಅಕ್ಕ ಸೂಜಿ ಕಾಯಿಸಿ ಬಿಡಿಸಿದಳು, ಟಿಣ್ ಎಂದು ಬಸಿಯ ಮೇಲೆ ಬಿತ್ತು — ಗಾಜು. ಇಷ್ಟು ವರ್ಷ ಮಾಂಸದೊಳಗೆ ಅಡಗಿ ಕೂತು ಈಗ ಹೊರಗೆ ಬರಲು ಮನಸ್ಸು ಮಾಡಿದೆ, ಇಲ್ಲಿಯ ಹಳಬರಿಗೆಲ್ಲ ಇದು ಹೊಸತಲ್ಲ, ಲೆಟ್ಟಿಗೆ ಮಾತ್ರ ತಡೆಯಲಾರದ ನಗು, ಬಾಡಿಗೆ ಕೊಡದೆ ಇಷ್ಟು ದಿನ ಇತ್ತಲ್ಲೇ ಥರ್ಜಾ, ಎಂದು ನಕ್ಕಳು, ನಗುತ್ತ ನಗುತ್ತ ಕೇಳಿಸಿಕೊಂಡಳು, ಎದುರಿಗೆ ಅಕ್ಕ ಅಳುತ್ತಿದ್ದಾಳೆ, ಸದ್ದು ಬಾರದ ಹಾಗೆ ಏಪ್ರನ್ನನ್ನೋ ಟವೆಲನ್ನೋ ಬಾಯಿಗೆ ಒತ್ತಿಕೊಂಡು, ಅವಳು ಅಳುವುದನ್ನು ಲೆಟ್ಟಿ ಅದೇ ಮೊದಲು ಕೇಳಿದ್ದು. ತನ್ನ ಮೈಯಿಂದ ಗಾಜು ಹೊರಬಿತ್ತು, ಅವಳ ಮೈಯಲ್ಲಿ ಇನ್ನೂ ಇದೆ. ಅದನ್ನು ತೆಗೆಯುವ ಸೂಜಿ ಎಲ್ಲಿದೆ ಕರ್ತನೇ ಎಂದು ಅವತ್ತಿನಿಂದ ಪ್ರಾರ್ಥನೆ, ಬೆತ್ತ ನೆನೆಹಾಕುವಾಗ, ಹೆಣೆಯುವಾಗ, ಮಲಗುವಾಗ, ಬೈಬಲಿನ ಕುರುಡ ಬಾರ್ತಿಮಾಯನ ಹಾಗೆ ದಾರಿ ಬದಿಯಲ್ಲಿ ಕೂತು ಕೂಗಿದಳು, ನನಗಲ್ಲ, ನನಗೆ ಬೇಡ, ಅವಳಿಗೆ ಕಣ್ಣು ಕೊಡು. ಹಾಗೆ ಕೂಗುತ್ತಿರುವಾಗಲೇ ಕ್ರೀಸರ್ ಪಾದ್ರಿ ಬಾಗಿಲು ತಟ್ಟಿ, ಈ ಸಲದ ಪ್ರಾರ್ಥನೆ ನೀವೇ ಮಾಡ್ಬೇಕು ಮಿಸ್ ಮರ್ಚಿಸನ್ ಎಂದದ್ದು. ದೇವರು ತಮಾಷೆಗಾರ, ಅದು ಲೆಟ್ಟಿಗೆ ಮೊದಲಿನಿಂದ ಗೊತ್ತು. ಕಿಟಕಿಯ ಬಟ್ಟೆ ಯಾವಾಗ ಸರಿಸಬೇಕು ಎಂಬುದನ್ನು ಇಬ್ಬರೂ ಅಲ್ಲೇ ನಿಂತು ಮಾತಾಡಿಕೊಂಡರು, ಅಕ್ಕ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಆದರೆ ಅವಳು ಎದ್ದು ಓಡಿಬಿಟ್ಟರೆ? ಮೋಸ ಮಾಡಿದೆ ಎಂದುಕೊಂಡರೆ? ಈ ಚರ್ಚಿಗೆ ಇನ್ನು ಕಾಲಿಡದಿದ್ದರೆ, ತನ್ನ ಕೈಯನ್ನೇ ಬಿಟ್ಟುಬಿಟ್ಟರೆ? ಬೆಳಿಗ್ಗೆಯಿಂದ ಚಹಾ ಸಹ ಇಳಿದಿಲ್ಲ.

ಎದ್ದು ನಿಂತರು ಎಲ್ಲ, ಸಮಯವಾಯಿತು, ಬೆಂಚುಗಳ ಕಿರುಗುಟ್ಟು, ಬೂಟುಗಳು ನೆಲಕ್ಕೆ ತಿಕ್ಕಿ ಎಡಕ್ಕೆ ತಿರುಗಿದವು, ಲೆಟ್ಟಿಯೊಬ್ಬಳನ್ನು ಬಿಟ್ಟು ಸಭೆಗೆ ಸಭೆಯೇ ಬಂದರಿಗೆ ಬೆನ್ನು ಹಾಕಿತು, ಕೆಳಗೆ ನೀರಿನ ಮೇಲೆ ದೋಣಿಗಳ ಸೀಟಿ, ಒಂದು, ಇನ್ನೊಂದು, ಆಮೇಲೆ ದೊಡ್ಡ ಹಡಗಿನ ದಪ್ಪ ಗಂಟಲು, ಆಮೇಲೆ ಮೌನ, ಸ್ಫೋಟದ ಆ ಗಳಿಗೆಯ ಮೌನ, ಪೆಪ್ಪರ್‌ಮಿಂಟು ಕೂಡ ನಿಂತಿತು. ಸರ್ರನೆ ಕಿಟಕಿ ಬಟ್ಟೆಯ ಬಳೆಗಳು ಸರಳಿನ ಮೇಲೆ ಜಾರಿದವು, ಅದು ಪಾದ್ರಿ, ಮಾತಿಗೆ ತಪ್ಪಲಿಲ್ಲ ಹುಡುಗ, ಬಲಗೆನ್ನೆಗೆ ಚಳಿಯ ಜೊತೆ ಈಗ ಬಿಸಿಲು, ಎಳೆ ಬಿಸಿಲು, ಗಾಜಿನಿಂದ ಬಂದ ಬಿಸಿಲಿಗೆ ಬೇರೆಯೇ ಸ್ಪರ್ಶ, ಕುರ್ಚಿಯ ಮೇಲೆ ನಿಂತಿದ್ದಾಗ ತಾಗಿದ್ದೇ ಕೊನೆ. ನಡಿ ಥರ್ಜಾ, ಎಂದಳು ಲೆಟ್ಟಿ. ಅಕ್ಕ ಮೊಣಕೈ ಹಿಡಿದು ಎಡಕ್ಕೆ ಎಳೆದಳು, ಪೀಠ ಈ ಕಡೆ, ಪಿಸುಮಾತು. ಗೊತ್ತು, ನಾನು ಆ ಕಡೆ ಹೋಗ್ಬೇಕು. ಲೆಟ್ಟಿ, ಅಲ್ಲಿ — ಗೊತ್ತು. ನಾನೊಬ್ಳೇ ಹೋದ್ರೆ ಎಡವ್ತೀನಿ, ಬರ್ತೀಯೋ ಇಲ್ವೋ. ಮೊಣಕೈ ಮೇಲಿನ ಬೆರಳು ಬಿಡಲಿಲ್ಲ, ಇದು ಅನ್ಯಾಯ ಎಂದು ಲೆಟ್ಟಿಗೂ ಗೊತ್ತು, ಎಡವುತ್ತೇನೆ ಎಂದರೆ ಅಕ್ಕ ಬರದೆ ಇರಲಾರಳು, ನರಕಕ್ಕೂ ಬಂದಾಳು, ಮೆಟ್ಟಿಲಿದೆ ಎನ್ನುತ್ತ — ಬಂದಳು. ಹೆಜ್ಜೆ, ಇನ್ನೊಂದು ಹೆಜ್ಜೆ, ಮೂಗಿನ ತುದಿಗೆ ಚಳಿ ತಾಗಿತು, ನಿಂತರು.

ಅಲಂಕಾರದ ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದಳು, ಬೆತ್ತದ ಹಾಗೆ ಒಂದರ ಮೇಲೊಂದು ಎಳೆದು, ಒಂದೂ ನೆನಪಿಗೆ ಬರಲೊಲ್ಲದು, ಇರಲಿ, ಬಾಯಿ ತೆರೆದಳು. ಕರ್ತನೇ, ನಿನ್ನ ಹತ್ರ ಬಂದುಬಿಟ್ಟವರನ್ನೆಲ್ಲ ನೆನೀತಿದೀವಿ, ನಮ್ಮಮ್ಮನ್ನೂ. ನೋಡಿದ್ದೇ ತಪ್ಪು ಅಂತ ಇಷ್ಟು ವರ್ಷ ನಿನ್ನ ಮುಂದೆ ಹೇಳ್ಕೊಂಡ್ವಿ, ಈವತ್ತು ನಾನು ಆ ಮಾತು ವಾಪಸ್ ತಗೋತೀನಿ. ಹಡಗಿಗೆ ಮದ್ದು ತುಂಬಿಸಿದ್ದು ಯುದ್ಧ, ಕಿಟಕಿ ಅಲ್ಲ. ಕಣ್ಣು ನೀನೇ ಕೊಟ್ಟಿದ್ದು, ನೋಡೋಕೇ ಕೊಟ್ಟಿದ್ದು. ಎಲ್ಲೋ ಒಂದು ಬೂಟು ಕಿರುಗುಟ್ಟಿತು, ಪರ್ಡಿ ಕೆಮ್ಮಿದ, ಕೆಮ್ಮಲಿ, ಧ್ವನಿ ಏರಿತು, ತನ್ನ ಧ್ವನಿ ಇಷ್ಟು ದೊಡ್ಡದೆಂದು ಲೆಟ್ಟಿಗೇ ಗೊತ್ತಿರಲಿಲ್ಲ, ಸೂರಿನ ಕಿಟಕಿಗಳಿಗೆ ಬಡಿದು ಮರಳಿ ಬರುತ್ತಿದೆ. ನಾನು ಕಡೇದಾಗಿ ನೋಡಿದ್ದು ನಿನ್ನ ಆಕಾಶ, ನಿನ್ನ ನೀರು, ಎಲ್ಲ ಬಣ್ಣಾನೂ. ಅದನ್ನ ಇಟ್ಕೊಂಡೇ ಇಷ್ಟು ದಿನ ಬಾಳಿದೆ, ಕತ್ತಲೆ ಅಂತ ಒಂದು ದಿನ ಅನ್ನಿಸ್ಲಿಲ್ಲ. ಅದಕ್ಕೆ ನಿನಗೆ ಸ್ತೋತ್ರ. ಮತ್ತೆ ಆ ಗಾಜು ಒರೆಸಿಕೊಟ್ಟ ಕೈ ಇದೆಯಲ್ಲ, ಅದನ್ನ ಆಶೀರ್ವದಿಸು. ಅದು ಒರೆಸದೆ ಇದ್ದಿದ್ರೆ ನನ್ನ ಪಾಲಿಗೆ ಬರೀ ಹಬೆ ಉಳೀತಿತ್ತು. ಆಮೆನ್.

ಆಮೆನ್, ಎಂದಿತು ಸಭೆ, ತಡವಾಗಿ, ಅಲ್ಲೊಂದು ಇಲ್ಲೊಂದು, ಕೆಮ್ಮಿನ ಜೊತೆಯದು ಬಂತು, ಪೆಪ್ಪರ್‌ಮಿಂಟಿನದು ಅಳುವಿನ ಜೊತೆ ಬಂತು, ಪಕ್ಕದಲ್ಲಿ ಸದ್ದಿಲ್ಲ. ಸದ್ದಿಲ್ಲ ಮಾತ್ರವಲ್ಲ, ಮೊಣಕೈ ತಣ್ಣಗಾಯಿತು, ಬೆರಳು ಇಲ್ಲ, ಕೈ ಬಿಟ್ಟಳು. ಹೋದಳೇ, ಹೆಜ್ಜೆ ಕೇಳಲಿಲ್ಲವಲ್ಲ, ಹೋದಳು, ನಾನೇ ಕಳಕೊಂಡೆ, ಇಷ್ಟು ಜನರ ಉಸಿರು, ಒದ್ದೆ ಕೋಟುಗಳ ಹಬೆ, ಎಲ್ಲ ಸೇರಿ ಈ ಹೊಸ ಗಾಜೂ ಮಂಕಾಗಿರಬೇಕು, ಮಂಕೇ ಇರಲಿ, ಯಾರು ನೋಡಬೇಕು ಇನ್ನು — ಕೀಚ್. ಏನದು. ಕೀಚ್, ಕೀಚ್, ಹತ್ತಿರದಲ್ಲೇ, ಮುಖದ ಮುಂದೆಯೇ, ಬರಿಗೈ ಗಾಜಿನ ಮೇಲೆ ಗುಂಡಗೆ ತಿರುಗುವ ಸದ್ದು, ಆ ಸದ್ದು ಮರೆಯುವುದುಂಟೇ, ಗಂಜಿಯ ವಾಸನೆ ಬಂದೇ ಬಂತು, ನಿಧಾನವಾಗಿ ಒರೆಸುತ್ತಿದ್ದಾಳೆ, ಮಕ್ಕಳ ಹಾಗೆ, ಅಂಗೈಯಗಲ, ನಿಲ್ಲಿಸಿದಳು, ಮತ್ತೆ ಒರೆಸಿದಳು, ಆಮೇಲೆ ಒದ್ದೆಯಾದ ಆ ಕೈಯೇ ಬಂದು ಲೆಟ್ಟಿಯ ಕೈಬೆರಳನ್ನು ಹಿಡಿದು ಮೇಲೆತ್ತಿ ಗಾಜಿಗೆ ಮುಟ್ಟಿಸಿತು. ಬಾ ಲೆಟ್ಟಿ. ನೋಡು ಬಾ. ಅದೇ ಧ್ವನಿ, ಅವತ್ತಿನ ಹುಡುಗಿಯದು, ಏನಿದೆಯೇ ಅಲ್ಲಿ ಎಂದಳು ಲೆಟ್ಟಿ, ನೀಲಿ ಇದೆ ಲೆಟ್ಟಿ, ನೀರು ನೀಲಿ ಇದೆ, ಬಿಸಿಲು ಬಿದ್ದು ಹೊಳೀತಿದೆ, ಒಂದು ಕೆಂಪು ದೋಣಿ ಹೋಗ್ತಿದೆ, ಸೀಟಿ ಹಾಕಿದ್ದು ಅದೇ ಇರ್ಬೇಕು, ಅದರ ಹಿಂದೆ ಎಷ್ಟೊಂದು ಹಕ್ಕಿ, ಆಚೆ ದಡದಲ್ಲಿ ಮನೆಗಳು, ಹೊಗೆ ಬರ್ತಿದೆ ಚಿಮಣಿಯಿಂದ, ಬರೀ ಒಲೆ ಹೊಗೆ ಕಣೇ, ಬೆಳ್ಳಗಿದೆ — ಹಿಂದೆ ಬೂಟುಗಳು, ಒಂದು ಜೊತೆ, ಎರಡು, ಆಮೇಲೆ ಎಷ್ಟೋ, ನೆಲಕ್ಕೆ ತಿಕ್ಕಿ ತಿರುಗುತ್ತಿವೆ, ಬಲಕ್ಕೆ, ಬಂದರಿನ ಕಡೆಗೆ, ಪರ್ಡಿಯ ಕೋಲು ಟಕ್ ಟಕ್ ಎನ್ನುತ್ತ ಹತ್ತಿರ ಬಂತು, ಸ್ವಲ್ಪ ಸರಿಯಮ್ಮ, ನಾನೂ ನೋಡ್ಬೇಕು, ಯಾರೋ ಹಾಡು ಎತ್ತಿದರು, ಆರ್ಗನ್ನಿಗೆ ಕಾಯದೆ, ಸಭೆಯೆಲ್ಲ ಹಿಡಿದುಕೊಂಡಿತು, ಗಾಜು ಹಾಡಿಗೆ ನಡುಗುತ್ತಿದೆ ಬೆರಳ ಕೆಳಗೆ, ನಡುಗಲಿ, ಒಡೆಯುವುದಿಲ್ಲ, ಲೆಟ್ಟಿ ಹಣೆಯನ್ನು ಗಾಜಿಗೆ ಒತ್ತಿದಳು, ಪಕ್ಕದಲ್ಲಿ ಅಕ್ಕನ ಹಣೆ, ನಡುವೆ ಚಳಿ, ಬಿಸಿಲು, ಒದ್ದೆ — ಕಿತ್ತಳೆ, ನೇರಳೆ, ಆ ಹೆಸರಿಲ್ಲದ ಹಸಿರು — ಮಸುಕಾಗುತ್ತಿದೆ ತಾಳು ಎಂದಳು ಥರ್ಜಾ, ಇನ್ನೊಂದು ಸಲ ಒರೆಸಿದಳು, ಕೀಚ್ — ಅಂಗೈಯಗಲದ ಕಿಂಡಿ — ಅಂಗೈಯಗಲ — ಅದರ ತುಂಬ ಬೆಳಕು.